ಪಾಲಾಗದ ನಂಬರು

"ಹೋಯ್ತು ನೋಡ್ರಿ ಅತ್ತೆ, ಮತ್ತೆ ಹೋಯ್ತು."

ಕೃತಿಕಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಕಂಪ್ಯೂಟರಿನ ಪರದೆಯ ಮೇಲೆ ಮುಕ್ಕಾಲು ಭಾಗ ತುಂಬಿದ್ದ ನೀಲಿ ಪಟ್ಟಿ ಅಲುಗಾಡದೆ ನಿಂತಿತ್ತು. ಊಟವಾದ ಮೇಲೆ ಶುರುವಾದ ಆ ಪಟ್ಟಿ ಇರುವೆ ಹರಿದಂತೆ ಹರಿದು ಅಷ್ಟು ದೂರ ಬಂದಿತ್ತು. ಇನ್ನು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು.

ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ದ್ರಾಕ್ಷಾಯಣಮ್ಮ ತಲೆಯೆತ್ತಲಿಲ್ಲ. ಸೊಸೆ ಬಾಯಿ ತೆರೆಯುವ ಮೊದಲೇ ಆಕೆಗೆ ಸಂಗತಿ ತಿಳಿದಿತ್ತು. ನಡುಮನೆಯ ಗೂಡಿನಲ್ಲಿದ್ದ ಕರಿಯ ಫೋನು, ಯಾರೂ ಮುಟ್ಟದಿದ್ದರೂ, ಒಳಗೊಳಗೇ ಟಿಣ್ ಎಂದಿತ್ತು. ಗೋಡೆಯಾಚೆ ಯಾರಾದರೂ ರಿಸೀವರ್ ಎತ್ತಿದರೆ ಈಚೆ ಹಾಗೆ ಸದ್ದಾಗುತ್ತದೆ. ಈ ಹೊತ್ತಿನಲ್ಲಿ ಎತ್ತುವವಳು ಯಾರು, ಏಕೆ ಎತ್ತುತ್ತಾಳೆ ಎನ್ನುವುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಆ ಇಬ್ಬರಲ್ಲಿ ದ್ರಾಕ್ಷಾಯಣಮ್ಮ ಒಬ್ಬಳು.

"ಕರೆಂಟು ಹೆಚ್ಚುಕಮ್ಮಿ ಆಗೈತೇನೋ ಬಿಡವ್ವ," ಎಂದಳು.

"ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲತ್ತೆ," ಎಂದು ಕೃತಿಕಾ ಮತ್ತೆ ಕುಳಿತು ಮೊದಲಿನಿಂದ ಹಚ್ಚಿದಳು. ಫೋನಿನ ತಂತಿಗೆ ಸಿಕ್ಕಿಸಿದ್ದ ಮೋಡೆಮ್ ಕಿರಿಚಿ, ಕೆರೆದು, ಉಸಿರೆಳೆದು ಸುಮ್ಮನಾಯಿತು. ಪಟ್ಟಿ ಪುನಃ ಎಡತುದಿಯಿಂದ ಹೊರಟಿತು.

ಸರಸ್ವತಿ ನಗರದ ಆ ಮನೆ ಮೊದಲು ಒಂದೇ ಆಗಿತ್ತು. ಶಿವಮೂರ್ತಪ್ಪ, ಲಿಂಗಣ್ಣ ಎಂಬ ಅಣ್ಣತಮ್ಮಂದಿರು ಕೂಡಿ ಕಟ್ಟಿಸಿದ ಮನೆ. ದಾವಣಗೆರೆಯಲ್ಲಿ ಕಾಳಿನ ಮಂಡಿ, ಹರಿಹರದಲ್ಲಿ ಅಕ್ಕಿ ಗಿರಣಿ, ಎರಡಕ್ಕೂ ಒಂದೇ ಗಾದಿ. ಒಂದು ದೀಪಾವಳಿಯಂದು ಮಂಡಿಯ ಪೂಜೆಗೆ ಗಾದಿಯ ಮೇಲೆ ಯಾರು ಕೂರಬೇಕು ಎನ್ನುವಲ್ಲಿ ಬಂದ ಮಾತು ಹೊರಟಲ್ಲಿಗೆ ಹಿಂದಿರುಗಲಿಲ್ಲ. ಹಿರಿಯರು ಕುಳಿತು ಮಂಡಿಯನ್ನು ಅಣ್ಣನಿಗೂ ಗಿರಣಿಯನ್ನು ತಮ್ಮನಿಗೂ ಕೊಟ್ಟರು. ಮನೆಯ ನಡುವೆ ಗೋಡೆ ಎಬ್ಬಿಸಿದರು. ಪಾತ್ರೆ ಪಡಗ, ಹಸು ಕರು, ತಾಯಿ ಲಿಂಗ ಇಡುತ್ತಿದ್ದ ಬೆಳ್ಳಿ ಕರಡಿಗೆಯ ತನಕ ಎಲ್ಲವೂ ಭಾಗವಾದವು. ಭಾಗಾಕಾರದಲ್ಲಿ ಉಳಿದ ಶೇಷದಂತೆ ಉಳಿದದ್ದು ಟೆಲಿಫೋನಿನ ನಂಬರು. ರಾಣೆಬೆನ್ನೂರಿನಿಂದ ಚಿತ್ರದುರ್ಗದವರೆಗೆ ವ್ಯಾಪಾರಸ್ಥರ ಬಾಯಲ್ಲಿ ಅದು ಕೂತುಹೋಗಿತ್ತು. ಚೀಲಗಳ ಮೇಲೆ ಅಚ್ಚಾಗಿತ್ತು. ಇಬ್ಬರಲ್ಲಿ ಒಬ್ಬರೂ ಬಿಡಲಿಲ್ಲ. ಕೊನೆಗೆ ಹಿರಿಯರು, ನಂಬರು ಇಬ್ಬರದೂ ಇರಲಿ, ಯಂತ್ರ ಮಾತ್ರ ಆ ಕಡೆಗೊಂದು ಈ ಕಡೆಗೊಂದು ಇರಲಿ ಎಂದು ಹೇಳಿ ಎಲೆಅಡಿಕೆ ಹಾಕಿಕೊಂಡು ಎದ್ದುಹೋದರು.

ಅಂದಿನಿಂದ ಒಂದು ಪದ್ಧತಿ ಬಿದ್ದಿತು. ಆಚೆಯವರಿಗೆ ಬಂದ ಕರೆಯನ್ನು ಈಚೆಯವರು ಎತ್ತಿದರೆ, ರಿಸೀವರನ್ನು ಹಾಗೆಯೇ ಇಟ್ಟು, ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುವುದು. ಮಾತಿಲ್ಲ. ಶಿವಮೂರ್ತಪ್ಪ ತಮ್ಮನ ಹೆಸರು ಎತ್ತದಿದ್ದರೂ ಗೋಡೆ ಕುಟ್ಟುವುದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ಆ ಮನೆಯ ಗೇಟು ದಾಟಬಾರದೆಂದು ಹೆಂಗಸರಿಗೂ ಕಟ್ಟಪ್ಪಣೆ ಮಾಡಿದ್ದ. ಆಚೆ ಲಿಂಗಣ್ಣನೂ ಅದನ್ನೇ ಮಾಡಿದ್ದ. ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು ಬೇರೆಯಾಗಿರಲಿಲ್ಲ.

ಗೇಟು ದಾಟಬೇಡಿರೆಂದ ಗಂಡಸರು ಫೋನು ಎತ್ತಬೇಡಿರೆಂದು ಹೇಳಿರಲಿಲ್ಲ. ಲಿಂಗಣ್ಣನ ಹೆಂಡತಿ ಅಕ್ಕನಾಗಮ್ಮ ಮದುವೆಯಾಗಿ ಬಂದಾಗ ಇನ್ನೂ ರೊಟ್ಟಿ ತಟ್ಟಲು ಬಾರದ ಹುಡುಗಿ. ಕೈ ಹಿಡಿದು ತಟ್ಟಿಸಿದವಳು ಶಿವಮೂರ್ತಪ್ಪನ ಹೆಂಡತಿ, ನೆಗೆಣ್ಣಿ ದ್ರಾಕ್ಷಾಯಣಮ್ಮ. ಪಾಲಾದ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಈಚೆಯ ಫೋನು ಟಿಣ್ ಎಂದಾಗ ಈಕೆ ಸುಮ್ಮನೆ ಎತ್ತಿ ಕಿವಿಗಿಟ್ಟಳು. ಆ ತುದಿಯಲ್ಲಿ ಉಸಿರು ಕೇಳಿಸಿತು. "ಅಕ್ಕ," ಎಂದಿತು ಉಸಿರು. ಇಬ್ಬರೂ ಎತ್ತಿ, ಒಬ್ಬರು ಒಂದು ಅಂಕಿ ತಿರುಗಿಸಿದರೆ ಗುಂಯ್ ಎನ್ನುವ ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಟೊಂಯ್ ಟೊಂಯ್ ಎಂದು ರೇಗಿ ಅದೂ ಅಡಗುತ್ತದೆ. ಆಮೇಲೆ ತಂತಿ ಇಬ್ಬರದೇ. ಗಂಡಸರು ಮಂಡಿಯಲ್ಲಿ, ಗಿರಣಿಯಲ್ಲಿ ಇರುವ ಆ ಹೊತ್ತು ವರ್ಷಗಟ್ಟಲೆ ಹಾಗೆ ನಡೆದುಬಂದಿತ್ತು. ಸಾರಿಗೆ ಹುಣಸೆ ಹೆಚ್ಚಾದದ್ದು, ಕಾಲಿನ ಬಾವು, ಮಗಳ ಬಾಣಂತನ, ಗಂಡಂದಿರ ಗೊರಕೆ, ಎಲ್ಲವೂ ಆ ತಂತಿಯೊಳಗೆ ಹೋಗಿ ಬಂದಿದ್ದವು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಂಪ್ಯೂಟರ್ ಮನೆಗೆ ಬಂದಿತು. ಮಗ ಪ್ರಶಾಂತನಿಗೆ ಹರಿಹರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಸೊಸೆ ಕೃತಿಕಾ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಒಂದು ತರಬೇತಿ ಪಡೆದಿದ್ದಳು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಸ್ಥಿತಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಕೇಳಿ ತಪ್ಪಿಲ್ಲದೆ ಬೆರಳಚ್ಚು ಮಾಡಿ ಕಳುಹಿಸಬೇಕು. ಬೆಂಗಳೂರಿನ ಕಚೇರಿ ಆ ಧ್ವನಿಗಳನ್ನು ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಬಿಡುತ್ತಿತ್ತು. ಸಂಜೆಯೊಳಗೆ ಬರಹ ಹಿಂದಕ್ಕೆ ಹೋಗಬೇಕು. ಈ ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ, ಎಂದಿದ್ದರು. ಹೀಗಾಗಿ ಇಬ್ಬರು ಹೆಂಗಸರ ಹೊತ್ತನ್ನು ಮೋಡೆಮ್ ಹಿಡಿದುಕೊಂಡಿತು.

ಮೊದಲ ದಿನ ಏನೂ ತಿಳಿಯದೆ ದ್ರಾಕ್ಷಾಯಣಮ್ಮ ರಿಸೀವರ್ ಎತ್ತಿದಾಗ ಹೊಳೆಗೆ ನೀರು ಬಂದಂಥ ಭೋರ್ಗರೆತ ಕೇಳಿ ಕೈಬಿಟ್ಟಿದ್ದಳು. ಒಳಕೋಣೆಯಲ್ಲಿ ಸೊಸೆ, "ಹೋಯ್ತು," ಎಂದಿದ್ದಳು. ಆಮೇಲೆ ಈಕೆ ಎತ್ತಲಿಲ್ಲ. ಆದರೆ ಆಚೆಯವಳಿಗೆ ಹೇಳುವುದು ಹೇಗೆ? ಹೇಳಲು ಇದ್ದ ದಾರಿಯೇ ಅದೊಂದು. ಅದಕ್ಕಿಂತ ಕೊರೆಯುತ್ತಿದ್ದುದು ಇನ್ನೊಂದು. ಕಂಪ್ಯೂಟರ್ ಬರುವ ಹಿಂದಿನ ದಿನ ಅಕ್ಕನಾಗಮ್ಮ, "ಅಕ್ಕ, ನಿನಗೊಂದು ಮಾತು ಹೇಳೋದೈತೆ. ಇವತ್ತು ಬ್ಯಾಡ, ಕಾಳವ್ವ ಇನ್ನೂ ಕಸ ಹೊಡಿಯಾಕತ್ತಾಳೆ, ನಾಳೆ ಹೇಳ್ತೀನಿ," ಎಂದು ಫೋನ್ ಇಟ್ಟಿದ್ದಳು. ಆ ನಾಳೆ ಇನ್ನೂ ಬಂದಿರಲಿಲ್ಲ.

ಕೃತಿಕಾ ಸುಮ್ಮನೆ ಕೂರುವ ಹುಡುಗಿಯಲ್ಲ. ಒಂದೊಂದೇ ಕಾರಣವನ್ನು ತೆಗೆದುಹಾಕುತ್ತಾ ಹೋದಳು. ಫ್ಯಾನ್ ಆರಿಸಿ ನೋಡಿದಳು, ಫ್ರಿಜ್ ಆರಿಸಿ ನೋಡಿದಳು. ಪ್ಲಗ್ಗಿನ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಬಿಸಿಯಾಗುತ್ತದೆಂದು ಮೋಡೆಮನ್ನು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲಿಟ್ಟಳು. ಹೊಸ ವೈರು ತರಿಸಿ ಹಾಕಿದಳು. ಸೋಮವಾರ ಪೂಜೆ ಮುಗಿಸಿ ಬಂದ ದ್ರಾಕ್ಷಾಯಣಮ್ಮ ಅದರ ನೆತ್ತಿಗೆ ಮೂರು ಬೆರಳ ವಿಭೂತಿ ಎಳೆದಳು. ಕೃತಿಕಾ ಅದನ್ನು ಒರೆಸಲಿಲ್ಲ.

"ಆಗ್ನೇಯ ಮೂಲೆಗೆ ಇಟ್ಟು ನೋಡು, ಬೆಂಕಿ ಹಂಗೆ ಓಡ್ತೈತೆ," ಎಂದ ಪ್ರಶಾಂತ, ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಾ.

"ನಿಮ್ಮ ಕಾರ್ಖಾನೆ ಮಿಷಿನ್ನೆಲ್ಲ ಹಂಗೇ ಇಟ್ಟೀರೇನು?"

"ಅದಕ್ಕೇ ಮತ್ತೆ ತಿಂಗಳಿಗೊಂದು ಸಲ ನಿಲ್ಲೋದು."

ಕೃತಿಕಾ ನಗಲಿಲ್ಲ. "ನೋಡ್ರಿ, ಬೆಳಿಗ್ಗೆ ನಿಧಾನ ಐತೆ, ಆದ್ರೆ ಕಡಿಯಲ್ಲ. ಮಧ್ಯಾಹ್ನ ಮಾತ್ರ ಕಡೀತೈತೆ. ಅದೂ ಭಾನುವಾರ ಕಡಿಯಲ್ಲ. ಭಾನುವಾರ ಇದಕ್ಕೇನು ರಜಾನಾ?"

ಭಾನುವಾರ ಲಿಂಗಣ್ಣ ಮನೆಯಲ್ಲಿರುತ್ತಾನೆ. ದ್ರಾಕ್ಷಾಯಣಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಸುಟ್ಟ ವಾಸನೆ ಬರುವವರೆಗೆ ತಿರುವಿ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಟೆಲಿಫೋನ್ ಲೈನ್‌ಮ್ಯಾನ್ ಗುತ್ತೆಪ್ಪನನ್ನು ಕರೆಸಿದರು. ಅವನು ಚಹಾ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದು, ಕಿಟಕಿಯ ಹೊರಗೆ ಸ್ಟೂಲ್ ಹಾಕಿಕೊಂಡು ಹತ್ತಿದ. ಕಂಬದಿಂದ ಬಂದ ತಂತಿ ಕಿಟಕಿಯ ಚೌಕಟ್ಟಿನ ಬಳಿ ಎರಡಾಗಿ ಒಡೆದು, ಒಂದು ಒಳಗೆ, ಇನ್ನೊಂದು ಗೋಡೆ ಹತ್ತಿ ಆಚೆಗೆ ಹೋಗಿತ್ತು. ಕೂಡಿಸಿದ ಜಾಗದಲ್ಲಿ ಹಸಿರು ಕಿಲುಬು ಹಿಡಿದಿತ್ತು.

"ಅಮ್ಮಾರೆ, ನಿಮ್ಮ ಈ ಮೋಡೆಮ್ಮು ಗೀಡೆಮ್ಮು ನನಗೆ ತಿಳಿಯಲ್ಲ," ಎಂದ. "ಆದ್ರೆ ಒಂದು ತಂತಿಗೆ ಎರಡು ಸಂಸಾರ ಕಟ್ಟಿದ್ರೆ ಗದ್ದಲ ಇದ್ದೇ ಇರ್ತೈತೆ. ಕಿಲುಬು ತಿಕ್ಕಿದೆ ಅನ್ರಿ, ಮಳೆ ಬಂದ್ರೆ ಮತ್ತೆ ಹಿಡೀತೈತೆ. ಅವ್ರು ಆ ಕಡೆ ಎತ್ತಿದ್ರೆ ನಿಮ್ಮದು ಈ ಕಡೆ ಕಡೀತೈತೆ. ಈ ಕೆಂಪು ಟೇಪು ಸುತ್ತಿದ್ದು ಆ ಮನೇದು. ಇದನ್ನ ಕಿತ್ತಾಕಿದ್ರೆ ಇವತ್ತೇ ಆರಾಮ."

"ಕಿತ್ತುಬಿಡ್ರಿ ಮತ್ತೆ," ಎಂದಳು ಕೃತಿಕಾ.

"ಸಾವ್ಕಾರ್ರನ್ನ ಕೇಳದೆ ನಾನು ಮುಟ್ಟಲ್ಲವ್ವ. ಈ ತಂತಿಗೆ ಹಿರೇರು ಕೂತಿದ್ರು ಅಂತ ನನಗೂ ಗೊತ್ತೈತೆ."

ಆ ರಾತ್ರಿ ಊಟಕ್ಕೆ ಕುಳಿತಾಗ ಮಾತು ಶಿವಮೂರ್ತಪ್ಪನ ಮುಂದೆ ಬಂದಿತು. ಅವನು ತುತ್ತು ಅಗಿದು ನುಂಗುವವರೆಗೂ ಯಾರಿಗೂ ಉತ್ತರ ಕೊಡುವವನಲ್ಲ.

"ಕೀಳೋದಾದ್ರೆ ಮೊದಲು ಅವನು ಕೀಳ್ಲಿ," ಎಂದ. "ಹಿರೇರು ಮಾಡಿದ್ದನ್ನ ಶಿವಮೂರ್ತಪ್ಪ ಮುರಿದ ಅನ್ನೋ ಮಾತು ನನ್ನ ಮಂಡಿಗೆ ಬರಬಾರ್ದು."

"ಅಪ್ಪಾಜಿ, ಆ ಕಡೆ ಚಿಕ್ಕಪ್ಪಾರೂ ಇದನ್ನೇ ಅನ್ಕಂತ ಕೂತಿರ್ತಾರೆ," ಎಂದ ಪ್ರಶಾಂತ.

"ಕೂತಿರ್ಲಿ. ಕೂರೋದು ಅವನಿಗೂ ಬರ್ತೈತೆ, ನನಗೂ ಬರ್ತೈತೆ."

ದ್ರಾಕ್ಷಾಯಣಮ್ಮನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅದರ ಬೆನ್ನಿಗೇ ಸೊಸೆಯ ಮುಖ ಕಣ್ಣಿಗೆ ಬಿದ್ದಿತು. ಹುಡುಗಿ ತಟ್ಟೆಯಲ್ಲಿ ಅನ್ನವನ್ನು ಕಲಸುತ್ತಲೇ ಇದ್ದಳು, ಬಾಯಿಗೆ ಹೋಗುತ್ತಿರಲಿಲ್ಲ. ದ್ರಾಕ್ಷಾಯಣಮ್ಮ ಕೇಳದೆಯೇ ಆ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುವಾಗ ಕೃತಿಕಾ ಹತ್ತಿರ ಬಂದಳು. "ನೀವೊಂದು ಮಾತು ಹೇಳಿದ್ರೆ ಮಾವ ಕೇಳ್ತಾರತ್ತೆ."

"ನನ್ನ ಮಾತು ಎಲ್ಲಿ ಕೇಳ್ತಾರವ್ವ ಅವ್ರು."

"ಕೇಳ್ತಾರೆ. ಪಾಯಸಕ್ಕೆ ಬೆಲ್ಲ ಎಷ್ಟು ಅನ್ನೋದ್ರಿಂದ ಹಿಡಿದು ನನ್ನನ್ನ ಈ ಮನೆಗೆ ತರೋ ತನಕ ನಡೆದಿದ್ದೆಲ್ಲ ನಿಮ್ಮ ಮಾತೇ." ಒದ್ದೆ ಸೀರೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಅತ್ತೆಯ ಕೈಯಲ್ಲಿ. "ಇನ್ನೊಂದು ವಾರ ನೋಡ್ತೀವಿ ಅಂದಾರೆ ಬೆಂಗಳೂರಿನೋರು. ಆಮೇಲೆ ಬೇರೆಯೋರಿಗೆ ಕೊಡ್ತಾರಂತೆ. ಕಲ್ತ ವಿದ್ಯೆ ಅಂತ ನನ್ನ ಕೈಲಿರೋದು ಇದೊಂದೇ."

ದ್ರಾಕ್ಷಾಯಣಮ್ಮ ಸೀರೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ನೋಡೋಣ ಎಂದಳು. ತಾನು ನೋಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಅಂದು ಮಧ್ಯಾಹ್ನ ಫೋನು ಟಿಣ್ ಎಂದಿತು. ಒಳಗೆ ಕೃತಿಕಾ ಹಣೆಗೆ ಕೈ ಹಚ್ಚಿಕೊಂಡು ಮೊದಲಿನಿಂದ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್ ಎಂದಿತು. ಮೂರನೆಯ ಸಲ ಅದು ಒಂದೇ ಸದ್ದಾಗಿರಲಿಲ್ಲ. ಎತ್ತಿ, ಇಟ್ಟು, ಮತ್ತೆ ಎತ್ತಿದಂತೆ, ಕತ್ತಲಲ್ಲಿ ತಡಕಾಡುವವರು ಪಾತ್ರೆ ಬೀಳಿಸಿದಂತೆ ಸದ್ದು ಸರಣಿಯಾಗಿ ಬಂದಿತು. ಅಕ್ಕನಾಗಮ್ಮ ಹಾಗೆ ಎಂದೂ ಮಾಡಿದವಳಲ್ಲ. ದ್ರಾಕ್ಷಾಯಣಮ್ಮ ಎದ್ದಳು. ಸೊಸೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಅದನ್ನು ಕಂಡೂ ಗೂಡಿನ ಬಳಿಗೆ ಹೋಗಿ ರಿಸೀವರ್ ಎತ್ತಿ, "ನಾಗೀ," ಎಂದು ಭೋರ್ಗರೆತದೊಳಕ್ಕೆ ಕೂಗಿದಳು.

ಭೋರ್ಗರೆತ ನಿಂತುಹೋಯಿತು. ಬಾವಿಯ ತಳದಿಂದ ಬಂದಂತೆ, "ಅಕ್ಕ?" ಎಂದಿತು ದನಿ. "ಇದ್ದೀಯಾ ಅಕ್ಕ? ಎಷ್ಟು ದಿನದಿಂದ ಎತ್ತಿದ್ರೂ ಬರೇ ಗಾಳಿ, ಮಳೆ. ನೀನು ಸಿಟ್ಟು ಮಾಡ್ಕಂಡಿ ಅನ್ಕಂಡೆ."

"ಯಾಕ ಸಿಟ್ಟು ಮಾಡ್ಕಳ್ಲಿ. ಏನೋ ಹೇಳೋದೈತೆ ಅಂದಿದ್ದೆಲ್ಲ?"

"ಅದು ಆಗೇ ಹೋತಕ್ಕ. ಕಣ್ಣಿಗೆ ಪೊರೆ ಬಂದಿತ್ತು. ಹರಿಹರಕ್ಕೆ ಕರ್ಕಂಡೋಗಿ ಆಪರೇಷನ್ ಮಾಡಿಸ್ಕಂಡು ಬಂದ್ರು. ಹೋಗೋ ಮುಂಚೆ ನಿನಗೊಂದು ಮಾತು ಹೇಳ್ಬೇಕು ಅಂತ ಭಾಳ ಆಸೆ ಇತ್ತು. ಕಣ್ಣು ಕೊಯ್ಯೋದು ಅಂದ್ರೆ ಹೆದರಿಕೆ ಆಗಿತ್ತು ನೋಡು."

ದ್ರಾಕ್ಷಾಯಣಮ್ಮ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಈಗ ಒಂದಕ್ಕೆ ಪಟ್ಟಿ ಕಟ್ಯಾರೆ. ಇನ್ನೊಂದು ಮೊದಲೇ ಮಂಜು. ಫೋನು ಎಲ್ಲೈತೆ ಅಂತ ತಡವರಿಸಿ ಎತ್ತದಾಗೈತೆ. ಕಾಳವ್ವ ಬೆಳಿಗ್ಗೆ ಬಂದು ಗಂಜಿ ಕಾಸಿಟ್ಟು ಹೋಗ್ತಾಳೆ. ಇವ್ರು ಗಿರಣಿಯಿಂದ ಬರೋದು ಕತ್ತಲಾದ ಮೇಲೆ. ಹಗಲೆಲ್ಲ ಗೋಡೆ ಕಡೆ ಕಿವಿ ಇಟ್ಕಂಡು ಮಲಗಿರ್ತೀನಿ. ನೀನು ರೊಟ್ಟಿ ತಟ್ಟೋದು ಕೇಳಿಸ್ತೈತೆ."

ಇನ್ನೆರಡು ಮಾತಾಡಿ, ಅವಳನ್ನು ಮಲಗಲು ಹೇಳಿ, ದ್ರಾಕ್ಷಾಯಣಮ್ಮ ರಿಸೀವರನ್ನು ಇಟ್ಟು ತಿರುಗಿದಾಗ ಕೃತಿಕಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಎಷ್ಟು ದಿನದಿಂದ ಅತ್ತೆ?"

"ಪಾಲಾದಾಗಿಂದ."

ಕೃತಿಕಾ ಅಲ್ಲೇ ನೆಲಕ್ಕೆ ಕುಳಿತಳು. "ನಾನು ಈ ಮನೆಗೆ ಬಂದಾಗಿಂದ, ನೀವು ಮಧ್ಯಾಹ್ನ ಮಲಗಿರ್ತೀರ ಅಂತ ಕಾಲುಂಗುರದ ಸದ್ದೂ ಆಗದಂಗೆ ಓಡಾಡಿದೀನಿ." ಅವಳ ತುಟಿಯಲ್ಲಿ ಏನೋ ಹೊರಳಿತು, ನಗುವೋ ಅಳುವೋ ಹೇಳುವಂತಿರಲಿಲ್ಲ. ಎದ್ದು ನಿಂತು, "ಹಂಗಾದ್ರೆ ಬಿಡ್ರಿ ಅತ್ತೆ," ಎಂದಳು. "ನಮ್ಮ ಲೈನು ಸರಿಯಿಲ್ಲ, ಆಗಲ್ಲ ಅಂತ ನಾಳೆ ಬೆಂಗಳೂರಿಗೆ ಹೇಳಿಬಿಡ್ತೀನಿ."

ಅವಳು ಬೈದಿದ್ದರೆ ದ್ರಾಕ್ಷಾಯಣಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಗೂಡಿನಲ್ಲಿದ್ದ ಫೋನನ್ನು ಆಕೆ ನೋಡಿದಳು. ಇಷ್ಟು ವರ್ಷ ಅದು ನೆಗೆಣ್ಣಿಯ ದನಿಯನ್ನು ತಂದುಕೊಟ್ಟಿತ್ತು. ಒಂದು ಇಟ್ಟಿಗೆಯ ಅಗಲದ ಆಚೆ ಅವಳ ಕಣ್ಣು ಕುರುಡಾಗುತ್ತಿದ್ದುದನ್ನು ತಂದುಕೊಟ್ಟಿರಲಿಲ್ಲ. ದನಿ ಬರುತ್ತದಲ್ಲ ಎಂದು ಈಕೆಯೂ ನೋಡಲು ಹೋಗಿರಲಿಲ್ಲ.

ಎಲೆಅಡಿಕೆಯ ತಟ್ಟೆಯಿಂದ ಅಡಕತ್ತರಿಯನ್ನು ತೆಗೆದುಕೊಂಡು ದ್ರಾಕ್ಷಾಯಣಮ್ಮ ಹೊರಗೆ ಹೋದಳು. ಗುತ್ತೆಪ್ಪ ನಿಂತಿದ್ದ ಸ್ಟೂಲ್ ಕಿಟಕಿಯ ಕೆಳಗೆ ಹಾಗೆಯೇ ಇತ್ತು. ಕೃತಿಕಾ ಹಿಂದೆಯೇ ಓಡಿಬಂದು ಸ್ಟೂಲನ್ನು ಹಿಡಿದುಕೊಂಡಳೇ ಹೊರತು ಬೇಡ ಎನ್ನಲಿಲ್ಲ. ದ್ರಾಕ್ಷಾಯಣಮ್ಮ ಹತ್ತಿ, ಕೆಂಪು ಟೇಪಿನ ತಂತಿಯನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಅಮುಕಿದಳು. ಅಡಿಕೆಗಿಂತ ಮೆತ್ತಗಿತ್ತು.

"ಮಾವ ಕೇಳಿದ್ರೆ?" ಎಂದಳು ಕೃತಿಕಾ.

"ಅತ್ತೆ ಕಡಿದ್ರು ಅನ್ನು. ಅವ್ರ ಮಂಡಿಗೇನೂ ಮಾತು ಬರಲ್ಲ. ಎಲ್ಲಿಗೆ ಹೋಗ್ಯಾರೆ ಅಂದ್ರೆ ಅದನ್ನೂ ಹೇಳು. ನೀನು ಹೋಗಿ ನಿನ್ನ ಡಾಕ್ಟ್ರು ಏನಂತಾರೆ ಕೇಳು, ಹೊತ್ತಾತು."

ಮುಖ ತೊಳೆದು, ವಿಭೂತಿ ಧರಿಸಿ, ಡಬ್ಬಿಗೆ ಬಿಸಿ ಅನ್ನ ಸಾರು ತುಂಬಿಕೊಂಡು, ಬಿಸಿಲಿನಲ್ಲಿ ತನ್ನ ಗೇಟಿನಿಂದ ಹೊರಟು, ಪಕ್ಕದ ಗೇಟನ್ನು ತಳ್ಳಿ ಒಳಗೆ ಹೋದಳು. ಎದುರುಮನೆಯ ಬೀಬಿಜಾನ್ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದವಳು ಕೈ ತಡೆದು ನೋಡಿದಳು. ದ್ರಾಕ್ಷಾಯಣಮ್ಮ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟಳು.

"ಯಾರು, ಕಾಳವ್ವನಾ?" ಎಂದಿತು ಒಳಗಿನಿಂದ ದನಿ.

ಪಾಲಾದ ಮೇಲೆ ಅವಳನ್ನು ದೂರದಿಂದ, ಮದುವೆಮನೆಗಳ ಪಂಕ್ತಿಯಲ್ಲಿ, ಕಂಡದ್ದುಂಟು. ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಫೋನಿನೊಳಗಿನ ದನಿಗೆ ವಯಸ್ಸೇ ಆಗಿರಲಿಲ್ಲ; ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ ಹೆಂಗಸಿನ ಬೈತಲೆ ಪೂರಾ ಬಿಳಿಯಾಗಿತ್ತು, ಕಣ್ಣ ಪಟ್ಟಿಯ ಕೆಳಗೆ ಕೆನ್ನೆ ಬತ್ತಿತ್ತು. ದ್ರಾಕ್ಷಾಯಣಮ್ಮ ಪಕ್ಕದಲ್ಲಿ ಕುಳಿತು ಅವಳ ಕೈಯನ್ನು ಎತ್ತಿ ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಅಕ್ಕನಾಗಮ್ಮನ ಬೆರಳುಗಳು ಬಳೆಗಳನ್ನು, ಮಣಿಕಟ್ಟಿನ ಹಳೆಯ ಸುಟ್ಟ ಕಲೆಯನ್ನು ತಡವಿ ನಿಂತವು.

"ಗೇಟಿನಿಂದ ಬಂದ್ಯಾ?" ಎಂದಳು ಸಣ್ಣ ದನಿಯಲ್ಲಿ.

"ಮತ್ತೆ ತಂತಿ ಹಿಡ್ಕಂಡು ಬರ್ಲೇನು? ಅದನ್ನ ಕಡಿದು ಬಂದೆ. ಲಿಂಗಣ್ಣ ಬಂದ್ರೆ ಹೊಸ ಫೋನಿಗೆ ಅರ್ಜಿ ಬರೆದು ಕೊಡು ಅನ್ನು. ಬೈಯೋದಿದ್ರೆ ನನಗೆ ಬೈಲಿ, ನಾನು ಇಲ್ಲೇ ಕೂತಿರ್ತೀನಿ."

"ಬೈತಾರಕ್ಕ."

"ಬೈಲಿ. ದಿನಾ ಬೈಲಿ. ದಿನಾ ಬರ್ತೀನಲ್ಲ."

ಉಣ್ಣಿಸಿದ ಮೇಲೆ, ಕೂದಲು ಸಿಕ್ಕುಗಟ್ಟಿದ್ದನ್ನು ಕಂಡು, ಬಾಚಣಿಗೆ ಹುಡುಕಿ ತಂದು ಕಿಟಕಿಯ ಬಳಿ ಕೂರಿಸಿಕೊಂಡಳು. ತಲೆಗೆ ನೀರು ಹಾಕಬಾರದೆಂದು ಡಾಕ್ಟರು ಹೇಳಿದ್ದರಂತೆ. ತುದಿಯಿಂದ ಮೇಲಕ್ಕೆ, ನೋವಾಗದಂತೆ ಒಂದೊಂದೇ ಎಳೆ ಬಿಡಿಸತೊಡಗಿದಳು.

ಬಿಸಿಲು ಇನ್ನೂ ಇಳಿದಿರಲಿಲ್ಲ, ಶಿವಮೂರ್ತಪ್ಪ ಮಂಡಿಯಿಂದ ಚಹಾಕ್ಕೆ ಬರುವ ಹೊತ್ತು. ಕಿಟಕಿಯ ಸರಳುಗಳ ನಡುವೆ ಅವನ ಕೊಡೆ ಮೊದಲು ಕಾಣಿಸಿತು. ತನ್ನ ಗೇಟಿನ ಕಡೆಗೆ ಹೊರಟಿದ್ದವನು ತಮ್ಮನ ಮನೆಯ ಮುಂದೆ ನಿಂತ. ಮೆಟ್ಟಿಲಲ್ಲಿ ಉರಿಬಿಸಿಲಿಗೆ ಬಿದ್ದಿದ್ದ ಹೆಂಡತಿಯ ಚಪ್ಪಲಿಗಳನ್ನು ನೋಡಿದ. ಬೀದಿಯ ಎರಡೂ ಕಡೆ ನೋಡಿದ. ಮತ್ತೆ ಚಪ್ಪಲಿಗಳನ್ನು ನೋಡಿದ. ದ್ರಾಕ್ಷಾಯಣಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು.

"ಯಾಕಕ್ಕ, ನಿಲ್ಲಿಸಿದಿ?"

"ಏನಿಲ್ಲ. ತಲೆ ಬಗ್ಗಿಸಬ್ಯಾಡ."

ಅವನು ಗೇಟು ತೆರೆದು ಒಳಗೆ ಬಂದ. ಮನೆಯತ್ತ ಕತ್ತೆತ್ತಲಿಲ್ಲ. ಮೆಟ್ಟಿಲ ಬಳಿ ನಿಂತು, ಕೊಡೆಯನ್ನು ಮಡಿಚಿ, ಅದರ ತುದಿಯಿಂದ ಒಂದು ಚಪ್ಪಲಿಯನ್ನು, ಆಮೇಲೆ ಇನ್ನೊಂದನ್ನು ಕಂಬದ ನೆರಳಿಗೆ ಸರಿಸಿದ. ಕೊಡೆಯನ್ನು ಬಿಚ್ಚದೆ, ಬೋಳುತಲೆಯ ಮೇಲೆ ಬಿಸಿಲು ಹೊಡೆಯುತ್ತಿರಲು, ಬಂದ ದಾರಿಯಲ್ಲೇ ಮಂಡಿಯ ಕಡೆಗೆ ಹಿಂದಿರುಗಿದ.